ದೀಪಗಳಿಲ್ಲದ ಕಂಪ್ಯೂಟರ್

ಕನ್ನಡದ ಅರ್ಕಾವತ್ತಿಗೂ ಒಂಬತ್ತು ಅನ್ನುವ ಅಂಕಿಗೂ ಆಕಾರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ, ಅದರಲ್ಲಿರುವ ಅಕ್ಷರಗಳನ್ನು ಗುರುತಿಸು ಎಂದು ಕಂಪ್ಯೂಟರಿಗೆ ಹೇಳಿದರೆ ಅದು ಎಷ್ಟೋ ಸಲ 'ಸೂರ್ಯ'ನನ್ನು 'ಸೂಯ ಒಂಬತ್ತು' ಮಾಡಿ ಕೊಡುತ್ತದೆ. 'ಧರ್ಮ' ಹೋಗಿ 'ಧಮ ಒಂಬತ್ತು' ಆಗುತ್ತದೆ. ಒತ್ತಕ್ಷರಗಳಂತೂ ಕೆಲವೊಮ್ಮೆ ಕೆಳಗಿನ ಸಾಲಿಗೇ ಜಾರಿಬಿಡುತ್ತವೆ. ಇಂಥ ತಪ್ಪುಗಳನ್ನು ಹುಡುಕಿ ತಿದ್ದುವುದು ನನ್ನ ಕೆಲಸ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಕೇಳಿ ಓದುವ ರೂಪಕ್ಕೆ ತರುವ ಒಂದು ಸಂಸ್ಥೆಗೆ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ನನಗೂ ಕಣ್ಣು ಕಾಣುವುದಿಲ್ಲ. ಪಿಯುಸಿ ಮುಗಿಯುವವರೆಗೆ ಮಬ್ಬಾಗಿಯಾದರೂ ಕಾಣುತ್ತಿತ್ತು; ಡಿಗ್ರಿ ಕೊನೆಯ ವರ್ಷಕ್ಕೆ ಪೂರ್ತಿ ಹೋಯಿತು. ಹಾಗಾಗಿ ಅರ್ಕಾವತ್ತಿನ ಆಕಾರ ನನಗೆ ಇನ್ನೂ ನೆನಪಿದೆ. ಅಕ್ಷರವನ್ನು ಕಂಡೇ ಇಲ್ಲದ ನನ್ನ ಸಹೋದ್ಯೋಗಿಗಳಿಗೆ ಈ ಒಂಬತ್ತು ಎಲ್ಲಿಂದ ಬಂದು ಸೇರಿಕೊಳ್ಳುತ್ತದೆ ಎಂದು ವಿವರಿಸಿದವಳು ನಾನೇ.

ಕಂಪ್ಯೂಟರಿನಲ್ಲಿ ನಾನು ಕೆಲಸ ಮಾಡುವುದು ಕಿವಿಯಿಂದ. ಪರದೆಯ ಮೇಲೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಇರುತ್ತದೆ, ಸ್ಕ್ರೀನ್ ರೀಡರ್ ಅನ್ನುತ್ತಾರೆ. ಒಂದು ಕೀ ಒತ್ತಿದರೆ ತಕ್ಷಣ ಅಕ್ಷರ ಕೇಳಬೇಕು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ತಕ್ಷಣ ಅನ್ನುವುದು ಎಂದೋ ಹೋಗಿತ್ತು. ಕೀ ಒತ್ತಿ, ಕಾದು, ಕೇಳಿಸಲಿಲ್ಲವೆಂದು ಮತ್ತೆ ಒತ್ತಿದರೆ ಆಮೇಲೆ ಎರಡೂ ಒಟ್ಟಿಗೆ ಬಡಬಡಿಸುತ್ತಿತ್ತು. ದಪ್ಪ ಪುಸ್ತಕವೊಂದನ್ನು ಅಕ್ಷರ ಗುರುತಿಸಲು ಹಾಕಿದರೆ ಅದು ಮುಗಿಯುವವರೆಗೆ ಮಾತೇ ನಿಂತುಹೋಗುತ್ತಿತ್ತು. ಫ್ಯಾನು ಮಾತ್ರ ಪ್ರೆಶರ್ ಕುಕ್ಕರಿನಂತೆ ಕೂಗುತ್ತಿತ್ತು. ಆ ಕೂಗಿನಲ್ಲಿ 'ತ' ಕೇಳಿತೋ 'ಥ' ಕೇಳಿತೋ ಗೊತ್ತಾಗುತ್ತಿರಲಿಲ್ಲ.

ನನ್ನ ಗಂಡ ಕೆಲಸದ ಮೇಲೆ ಊರೂರು ಸುತ್ತುವವರು. ತಿಂಗಳಿನ ಅರ್ಧದಷ್ಟು ದಿನ ಮನೆಯಲ್ಲಿರುವುದಿಲ್ಲ. ಅವರಿಗೆ ಫೋನಿನಲ್ಲಿ ಹೇಳಿದಾಗ, "ಬರೋ ವಾರ ಬಂದಾಗ ಒಂದು ಹೊಸ ಲ್ಯಾಪ್‌ಟಾಪ್ ತಂದ್ಬಿಡ್ತೀನಿ, ಬಿಡು" ಎಂದರು.

"ಬೇಡ. ಡೆಸ್ಕ್‌ಟಾಪ್ ಬೇಕು. ಬಿಡಿಬಿಡಿಯಾಗಿ ತಗೊಂಡು ನಾನೇ ಜೋಡಿಸ್ತೀನಿ" ಎಂದೆ.

ಅವರು, "ಸರಿ, ಅಂಗಡಿಯವರ ಹತ್ರಾನೇ ಜೋಡಿಸಿಕೊಡೋಕೆ ಹೇಳು" ಎಂದರು. ನಾನು ಹೇಳಿದ್ದರಲ್ಲಿ 'ನಾನೇ' ಅನ್ನುವ ಮಾತು ಅವರಿಗೆ ಕೇಳಿಸಿರಲಿಲ್ಲ ಅಥವಾ ಅದು ಬಾಯಿಮಾತು ಅಂದುಕೊಂಡರು. ನಾನೂ ಮಾತು ಎಳೆಯಲು ಹೋಗಲಿಲ್ಲ.

ಆ ಮಾತು ನನಗೆ ಸುಮ್ಮನೆ ಬಂದದ್ದಲ್ಲ. ಅಷ್ಟು ಹೊತ್ತಿಗೆ ಕಂಪ್ಯೂಟರ್ ಜೋಡಿಸುವ ಬಗ್ಗೆ ಎಷ್ಟೋ ವಿಡಿಯೊಗಳನ್ನು ಕೇಳಿ ಮುಗಿಸಿದ್ದೆ. ಎಲ್ಲರೂ ಮಾತಾಡುತ್ತಿದ್ದುದು ಆಟ ಆಡುವವರಿಗಾಗಿ. ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಚಿತ್ರ ಎಷ್ಟು ನುಣುಪಾಗಿ ಓಡುತ್ತದೆ, ಯಾವ ಕ್ಯಾಬಿನೆಟ್ಟಿಗೆ, ಅಂದರೆ ಹೊರಪೆಟ್ಟಿಗೆಗೆ, ಗಾಜಿನ ಬಾಗಿಲಿದೆ, ಒಳಗಿನ ಬಣ್ಣದ ದೀಪಗಳು ಹಾಡಿನ ಜೊತೆ ಹೇಗೆ ಕುಣಿಯುತ್ತವೆ, ಇದೇ ಮಾತು. ಕೇಳುತ್ತ ಕೇಳುತ್ತ ನನಗೊಂದು ಹೊಳೆಯಿತು. ಇವರು ಯಾವುದಕ್ಕೆ ಹೆಚ್ಚು ದುಡ್ಡು ಸುರಿಯುತ್ತಾರೋ ಅದು ಯಾವುದೂ ನನಗೆ ಬೇಕಿಲ್ಲ. ಇವರು ಒಂದೇ ಮಾತಿನಲ್ಲಿ ದಾಟಿಹೋಗುವ ಸಂಗತಿಗಳೇ ನನಗೆ ಮುಖ್ಯ. ಅಂದಮೇಲೆ ನನ್ನ ಯಂತ್ರವನ್ನು ಇನ್ನೊಬ್ಬರು ಆರಿಸುವುದು ಹೇಗೆ?

ಏನು ಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಅಕ್ಷರ ಗುರುತಿಸುವ ಕೆಲಸ ಹಿಂದೆ ನಡೆಯುತ್ತಿದ್ದರೂ ಮಾತು ನಿಲ್ಲದಷ್ಟು ತಾಕತ್ತಿನ ಪ್ರೊಸೆಸರ್. ಧಾರಾಳವಾಗಿ ಮೆಮೊರಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಫ್ಯಾನು ತಿರುಗಿದರೂ ತಿರುಗುತ್ತಿದೆ ಎಂದು ಗೊತ್ತಾಗಬಾರದು. ಇನ್ನೊಂದು, ಯಂತ್ರಕ್ಕೆ ಏನಾದರೂ ತೊಂದರೆಯಾದರೆ ಅದು ನನಗೆ ಸದ್ದು ಮಾಡಿ ಹೇಳಬೇಕು.

ಅಂಗಡಿಗೆ ನನ್ನ ಜೊತೆ ಬಂದವರು ಅತ್ತೆ. ನಾವು ಇರುವುದು ಕುಮಾರಸ್ವಾಮಿ ಲೇಔಟಿನಲ್ಲಿ. ಅತ್ತೆಯ ತವರು ಬಿಳೇಕಹಳ್ಳಿ. ಅವರು ಹುಡುಗಿಯಾಗಿದ್ದಾಗ ಅಲ್ಲಿ ರಾಗಿ ಹೊಲವಿತ್ತು, ಅವರೆಕಾಯಿ ಬಿಡಿಸಿ ಕೈಗೆಲ್ಲ ಸೊಗಡು ಹತ್ತುತ್ತಿತ್ತಂತೆ. ಏಳನೇ ಕ್ಲಾಸಿನವರೆಗೆ ಓದಿದ್ದಾರೆ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಬಲ್ಲರು, ಕೂಡಿಸಿ ಓದಲು ಹೋಗುವುದಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ ಬನಶಂಕರಿಗೆ ಬಂದು ಅಲ್ಲಿಂದ ಮೆಟ್ರೊ ಹಿಡಿದು ಜಯನಗರದಲ್ಲಿ ಇಳಿದೆವು. ನಾವು ಹೋದ ಅಂಗಡಿ ಅಲ್ಲಿನ ಶಾಪಿಂಗ್ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿತ್ತು. ಒಳಗೆ ಕಾಲಿಟ್ಟರೆ ಹೊಸ ಥರ್ಮಾಕೋಲಿನ ವಾಸನೆ, ಮೇಲೆಲ್ಲೋ ಏಸಿ ಗುಂಯ್‌ಗುಡುವ ಸದ್ದು.

ಅಂಗಡಿಯವರ ದನಿ ಕೇಳಿದರೆ ಐವತ್ತರ ಆಸುಪಾಸು ಅನ್ನಿಸಿತು. ಮೃದುವಾಗಿ ಮಾತಾಡುವ ಮನುಷ್ಯ. ಆದರೆ ಮಾತಾಡಿದ್ದು ಅತ್ತೆಯ ಜೊತೆ.

"ಬನ್ನಿ ಅಮ್ಮ. ಮೇಡಂಗೆ ಏನ್ ಬೇಕಾಗಿತ್ತು? ಯಾವ ಥರ ಯೂಸ್ ಮಾಡ್ತಾರೆ ಅವರು?"

"ಅವ್ಳಿಗೆ ಕಿವಿ ಚೆನ್ನಾಗೇ ಕೇಳುಸ್ತದಪ್ಪ, ಅವ್ಳನ್ನೇ ಕೇಳು" ಎಂದರು ಅತ್ತೆ. "ನಂಗೇನ್ ಗೊತ್ತು ಇವೆಲ್ಲ."

ಅಂಗಡಿಯವರು ಮುಜುಗರದಿಂದ ಗಂಟಲು ಸರಿಮಾಡಿಕೊಂಡರು. ನಾನು ನನಗೆ ಬೇಕಾದುದನ್ನು ಹೇಳಿದೆ. ಅವರು ಮೊದಮೊದಲು ಹೂಂ ಹೂಂ ಎನ್ನುತ್ತಿದ್ದವರು ನಾನು ಪ್ರೊಸೆಸರಿನ ಬಗ್ಗೆ ಕೇಳತೊಡಗಿದ ಮೇಲೆ ಕುರ್ಚಿ ಹತ್ತಿರಕ್ಕೆಳೆದು ಕೂತರು. ಪ್ರೊಸೆಸರಿನಲ್ಲಿ ಎರಡು ಬಗೆ ಉಂಟು. ಹಳೆಯ ಒಂದು ಬಗೆಯಲ್ಲಿ ಸೂಜಿಯಂಥ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ಇನ್ನೊಂದರಲ್ಲಿ ಪ್ರೊಸೆಸರ್ ನುಣ್ಣಗಿರುತ್ತದೆ, ಪಿನ್ನುಗಳಿರುವುದು ಎಲ್ಲ ಭಾಗಗಳನ್ನೂ ಕೂರಿಸುವ ಬೋರ್ಡಿನ ಮೇಲಿನ ಗೂಡಿನಲ್ಲಿ. ಯಾವ ಬಗೆಯದನ್ನು ಕೈಯಿಂದ ಮುಟ್ಟಿ ದಿಕ್ಕು ತಿಳಿಯಬಹುದು ಎಂಬುದು ನನ್ನ ಪ್ರಶ್ನೆ.

"ಮೂಲೇಲಿ ಒಂದು ಚಿನ್ನದ ಬಣ್ಣದ ತ್ರಿಕೋನ ಇರುತ್ತೆ ಮೇಡಂ, ಅದನ್ನ ನೋಡಿ..." ಎಂದು ಹೊರಟವರು ನಿಲ್ಲಿಸಿದರು. ಸ್ವಲ್ಪ ಯೋಚಿಸಿ ಒಳಗೆ ಹೋಗಿ ಎರಡು ಹಳೆಯ ಪ್ರೊಸೆಸರ್ ತಂದು ನನ್ನ ಅಂಗೈಯಲ್ಲಿಟ್ಟರು. "ನೀವೇ ಹೇಳಿ."

ಪಿನ್ನಿರುವ ಪ್ರೊಸೆಸರಿನ ಅಂಚು ಎಲ್ಲ ಕಡೆ ಒಂದೇ ಥರ ಇತ್ತು. ನುಣ್ಣಗಿದ್ದುದರ ಎರಡು ಬದಿಯಲ್ಲಿ ಉಗುರಿಗೆ ಸಿಗುವಂಥ ಸಣ್ಣ ಕಚ್ಚುಗಳಿದ್ದವು, ಅವು ನಡುವಿನಲ್ಲಲ್ಲದೆ ಒಂದು ತುದಿಗೆ ಹತ್ತಿರವಾಗಿದ್ದವು. ಬೋರ್ಡಿನ ಗೂಡಿನಲ್ಲಿ ಅದಕ್ಕೆ ಸರಿಯಾಗಿ ಎರಡು ಉಬ್ಬುಗಳಿರುತ್ತವೆ. ತಿರುಗುಮುರುಗು ಇಟ್ಟರೆ ಕೂರುವುದಿಲ್ಲ.

"ಇದು" ಎಂದೆ.

"ಸರಿ. ಆದ್ರೆ ಮೇಡಂ, ಇದರಲ್ಲಿ ಒಂದು ವಿಷ್ಯ. ಗೂಡಿನ ಒಳಗಡೆ ಬೆರಳು ತಗುಲಿದ್ರೆ ಪಿನ್ನು ಬಾಗಿಹೋಗುತ್ತೆ. ಆಮೇಲೆ ಬೋರ್ಡೇ ಎಸೀಬೇಕು."

ಅದು ನನಗೂ ಗೊತ್ತಿತ್ತು. ಎಲ್ಲವನ್ನೂ ಮುಟ್ಟಿಯೇ ತಿಳಿಯುವ ನಾನು ಅಷ್ಟಗಲ ಜಾಗವನ್ನು ಮಾತ್ರ ಮುಟ್ಟುವ ಹಾಗಿಲ್ಲ. ಕಚ್ಚುಗಳಿರುವುದು ಅಂಚಿನಲ್ಲಿ, ಪಿನ್ನುಗಳಿರುವುದು ನಡುವೆ, ಅಂಚು ಹಿಡಿದೇ ಇಳಿಸುತ್ತೇನೆ ಎಂದೆ. ಆಗ ಅವರಿಗೆ ಗೊತ್ತಾಯಿತು.

"ಅಂದ್ರೆ ನೀವೇ ಜೋಡಿಸ್ತೀರಾ?"

"ಹೌದು ಸಾರ್."

"ನಾವೇ ಜೋಡಿಸಿ ಕೊಡ್ತೀವಿ ಮೇಡಂ, ಅದಕ್ಕೇನೂ ತಗೊಳ್ಳಲ್ಲ."

"ಗೊತ್ತು ಸಾರ್. ನಾಳೆ ಏನಾದ್ರೂ ಕೆಟ್ರೆ ಬಿಚ್ಚೋದು ಯಾರು? ಪ್ರತಿ ಸಲ ನಿಮ್ಮ ಹತ್ರ ಹೊತ್ಕೊಂಡು ಬರೋಕೆ ಆಗಲ್ಲ. ಯಾವುದು ಎಲ್ಲಿದೆ ಅಂತ ನನ್ನ ಕೈಗೆ ಗೊತ್ತಿರಬೇಕು."

ಅವರು ಕ್ಯಾಬಿನೆಟ್ ತೋರಿಸುತ್ತೇನೆ ಬನ್ನಿ ಎಂದು ಅಂಗಡಿಯ ಹಿಂಭಾಗಕ್ಕೆ ಕರೆದುಕೊಂಡು ಹೋದರು.

ಮೊದಲು ಕೊಟ್ಟದ್ದು ಗಾಜಿನ ಬಾಗಿಲಿನದು. "ಈಗ ಎಲ್ಲರೂ ಇದನ್ನೇ ತಗೊಳ್ಳೋದು. ಲೈಟ್ ಸಖತ್ತಾಗಿರುತ್ತೆ" ಎಂದು ಅಭ್ಯಾಸಬಲದಲ್ಲಿ ಹೇಳಿಬಿಟ್ಟರು. ಅತ್ತೆಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು. ಕೊನೆಗೆ ಅವರೂ ನಕ್ಕರು. ಅಲ್ಲಿಂದ ಮುಂದೆ ನಮ್ಮ ನಡುವೆ ಆ ಬಿಗಿತ ಇರಲಿಲ್ಲ.

ಕ್ಯಾಬಿನೆಟ್ಟುಗಳ ಒಳಗೆ ಕೈಹಾಕಿ ಅಂಚುಗಳನ್ನು ಸವರಿದೆ. ಹೊರಗೆ ಎಷ್ಟೇ ನಯವಾಗಿದ್ದರೂ ಕೆಲವು ಕಂಪನಿಯವರು ಒಳಗಿನ ತಗಡನ್ನು ಕತ್ತರಿಸಿದ ಹಾಗೇ ಬಿಟ್ಟಿರುತ್ತಾರೆ. ಒಂದರಲ್ಲಿ ಬೆರಳಿಗೆ ಸಣ್ಣಗೆ ಗೀರಿತು. ನೋಡಿ ಕೆಲಸ ಮಾಡುವವರಿಗೆ ಅದು ದೊಡ್ಡದಲ್ಲ, ನನಗೆ ಅದನ್ನು ತಂದರೆ ದಿನಾ ಬ್ಯಾಂಡೇಜು. ಇನ್ನೊಂದರಲ್ಲಿ ಆನ್ ಮಾಡುವ ಗುಂಡಿಯೂ ರೀಸ್ಟಾರ್ಟ್ ಮಾಡುವ ಗುಂಡಿಯೂ ಒಂದೇ ಆಕಾರ, ಅಕ್ಕಪಕ್ಕ. ಬೇಡ. ಕೊನೆಗೆ ಮೂಲೆಯಿಂದ ಒಂದನ್ನು ಎಳೆದು ತಂದರು. ಎರಡೂ ಬದಿಗೆ ಉಕ್ಕಿನ ಬಾಗಿಲು, ಒಳಗೋಡೆಗೆ ಸದ್ದು ಹೀರುವ ಮೆತ್ತನೆಯ ಹಾಸು, ಅಂಚುಗಳನ್ನೆಲ್ಲ ಒಳಕ್ಕೆ ಮಡಚಿದ್ದರು. ತೂಕವಿತ್ತು. "ಇದು ಬಂದು ತುಂಬಾ ದಿನ ಆಯ್ತು. ಲೈಟ್ ಇಲ್ಲ ಅಂತ ಯಾರೂ ಕೇಳಲ್ಲ" ಎಂದರು. ನಾನು ಅದರ ಮೇಲೆ ಕೈ ಇಟ್ಟುಕೊಂಡೇ ನಿಂತೆ.

ಫ್ಯಾನಿನ ವಿಷಯಕ್ಕೆ ಬಂದಾಗ ನಾನು ಸ್ವಲ್ಪ ಕಷ್ಟ ಕೊಟ್ಟೆನೆಂದೇ ಹೇಳಬೇಕು. ಪ್ಯಾಕೆಟ್ಟಿನ ಮೇಲೆ ಬರೆದಿರುವ ಸದ್ದಿನ ಅಂಕಿ ಬೇಡ, ಓಡಿಸಿ ಕೇಳಿಸಿ ಎಂದೆ. ಅವರು ಏಸಿ ಆರಿಸಿ, ಗಾಜಿನ ಬಾಗಿಲೆಳೆದು, ಟೇಬಲಿನ ಮೇಲೆ ಒಂದೊಂದನ್ನೇ ತಂತಿಗೆ ಸಿಕ್ಕಿಸಿ ತಿರುಗಿಸಿದರು. ಗಾಳಿಯ ಸದ್ದು ಬೇರೆ, ಮೋಟಾರಿನ ಸದ್ದು ಬೇರೆ. ಗಾಳಿಯದು ಸ್ವಲ್ಪ ಹೊತ್ತಿಗೆ ಕಿವಿಗೆ ಒಗ್ಗಿಹೋಗುತ್ತದೆ. ಮೋಟಾರಿನದು ಸಣ್ಣ ದನಿಯ ಸೊಳ್ಳೆಯಂತೆ, ಎಷ್ಟು ಕಡಿಮೆಯಿದ್ದರೂ ಬಿಡುವುದಿಲ್ಲ, ನಾನು ಕೇಳಬೇಕಾದ ಮಾತಿನ ಶ್ರುತಿಯಲ್ಲೇ ಇರುತ್ತದೆ. ದುಬಾರಿಯದೊಂದರಲ್ಲಿ ಆ ಸೊಳ್ಳೆ ಇತ್ತು. ಅಂಗಡಿಯವರಿಗೆ ಕೇಳಿಸಲಿಲ್ಲ. ಕಿವಿ ಹತ್ತಿರ ಹಿಡಿದು ಕೇಳಿ, "ಅರೆ, ಹೌದು" ಎಂದರು. ಅಗಲ ರೆಕ್ಕೆಯ, ನಿಧಾನ ತಿರುಗುವ, ಅಷ್ಟೇನೂ ಹೆಸರಿಲ್ಲದ ಒಂದು ಫ್ಯಾನು ನನಗೆ ಒಪ್ಪಿಗೆಯಾಯಿತು. ಅದನ್ನು ಕೇಳುವಾಗ ಹೊರಗೆ ಎಳನೀರಿನವನು ಕಾಯಿ ಕೆತ್ತುವ ಸದ್ದೇ ಹೆಚ್ಚು ಕೇಳುತ್ತಿತ್ತು.

ಕೊನೆಯ ಬೇಡಿಕೆ ಬೀಪ್ ಸ್ಪೀಕರು. ಹಿಂದೆ ಎಲ್ಲ ಕಂಪ್ಯೂಟರಿನಲ್ಲೂ ಒಂದು ಪುಟಾಣಿ ಸ್ಪೀಕರ್ ಇರುತ್ತಿತ್ತು. ಆನ್ ಮಾಡಿದಾಗ ಎಲ್ಲ ಸರಿಯಿದ್ದರೆ ಒಂದು ಸಲ ಬೀಪ್ ಅನ್ನುವುದು, ಏನಾದರೂ ತಪ್ಪಿದ್ದರೆ ಬೇರೆ ಬೇರೆ ಥರ ಕೂಗುವುದು.

"ಈಗ ಅದ್ಯಾರೂ ಹಾಕಲ್ಲ ಮೇಡಂ. ಬೋರ್ಡಲ್ಲೇ ಪುಟ್ಟ ಲೈಟ್ ಇರುತ್ತೆ, ಏನ್ ತೊಂದ್ರೆ ಅಂತ ಅದೇ ತೋರಿಸುತ್ತೆ."

"ನನಗೆ ಲೈಟ್ ತೋರಿಸಿ ಏನ್ ಮಾಡ್ಲಿ ಸಾರ್? ಸ್ಪೀಕರ್ ಸಿಕ್ಕಿಸೋ ಜಾಗ ಇರೋ ಬೋರ್ಡೇ ಕೊಡಿ."

ಅವರು ಒಂದಾದ ಮೇಲೊಂದು ಡ್ರಾಯರ್ ಎಳೆದು ಹುಡುಕಿ, ಬಟಾಣಿಗಿಂತ ಸ್ವಲ್ಪ ದೊಡ್ಡದಾದ, ಬಾಲದಂತೆ ತಂತಿಯಿರುವ ಒಂದನ್ನು ತಂದುಕೊಟ್ಟರು. ಹೊರಡುವ ಹೊತ್ತಿಗೆ ಇನ್ನೊಂದು ಭಾರದ ವಸ್ತುವನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಕೆಟ್ಟುಹೋದ ಮದರ್‌ಬೋರ್ಡು, ಅದೇ ಬಗೆಯ ಗೂಡಿನದು, ಜೊತೆಗೆ ಒಂದು ಸತ್ತ ಪ್ರೊಸೆಸರು. "ಮೊದ್ಲು ಇದ್ರ ಮೇಲೆ ಕೈ ಪಳಗಿಸ್ಕೊಳ್ಳಿ. ಹಾಳಾದ್ರೆ ಹಾಳಾಗ್ಲಿ. ಪ್ರೊಸೆಸರ್ ಬಿಗಿಹಿಡಿಯೋ ಲಿವರ್ ಒತ್ತುವಾಗ ಕರಕರ ಅನ್ನುತ್ತೆ, ಹೆದರ್ಬೇಡಿ, ಅದು ಅನ್ನಲೇಬೇಕು." ನಾನು ಕೇಳದೆಯೇ ಕೊಟ್ಟದ್ದು ಅದು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಆ ವಾರವೆಲ್ಲ ನಮ್ಮ ಊಟದ ಮೇಜಿನ ಅರ್ಧ ಸತ್ತ ಬೋರ್ಡಿನ ಪಾಲಾಯಿತು. ಅತ್ತೆ ಮೊದಲ ದಿನ ಗೊಣಗಿದರು. "ತಿನ್ನೋ ಜಾಗದಾಗೆ ಇದೇನೆ ಕಬ್ಬಿಣ" ಎಂದು ಒಂದು ಮಣೆ ತಂದು ಅದರ ಮೇಲೆ ಇಡಿಸಿದರು. ಆಮೇಲೆ ಅವರೇ ತರಕಾರಿ ಹೆಚ್ಚುತ್ತ ಎದುರಿಗೆ ಕೂರತೊಡಗಿದರು. ನಾನು ಬೋರ್ಡನ್ನು ಊರಿನಂತೆ ಕಲಿತೆ. ಈ ಎತ್ತರದ ಲೋಹದ ಗುಡ್ಡದ ಪಕ್ಕಕ್ಕೆ ಪ್ರೊಸೆಸರಿನ ಗೂಡು, ಅದರ ಬಲಕ್ಕೆ ಮೆಮೊರಿಯ ಉದ್ದುದ್ದ ಓಣಿಗಳು, ಬಲತುದಿಗೆ ದಪ್ಪ ವಿದ್ಯುತ್ ತಂತಿ ಕೂರುವ ಜಾಗ, ಕೆಳಗಿನ ಮೂಲೆಯಲ್ಲಿ ಗುಂಡಿಗಳ ತಂತಿ ಸಿಕ್ಕಿಸುವ ಸಣ್ಣ ಪಿನ್ನುಗಳ ಗುಂಪು. ಈ ಕೊನೆಯದೇ ಕಷ್ಟ. ಪಿನ್ನುಗಳು ಎರಡು ಸಾಲಿನಲ್ಲಿ ಒತ್ತೊತ್ತಾಗಿರುತ್ತವೆ, ಒಂದು ಮೂಲೆಯಲ್ಲಿ ಮಾತ್ರ ಒಂದು ಪಿನ್ನು ಇರುವುದಿಲ್ಲ. ಆ ಖಾಲಿ ಜಾಗವನ್ನು ಉಗುರಿನಲ್ಲಿ ಹುಡುಕಿಕೊಂಡರೆ ಉಳಿದವನ್ನು ಎಣಿಸಬಹುದು. ಮೊದಮೊದಲು ತಪ್ಪುತ್ತಿತ್ತು. ಬರಬರುತ್ತ ಕೈ ತಾನಾಗಿಯೇ ಅಲ್ಲಿಗೆ ಹೋಗತೊಡಗಿತು.

ಸತ್ತ ಪ್ರೊಸೆಸರನ್ನು ಇಳಿಸುವಾಗ ಒಮ್ಮೆ ಬೆರಳು ಜಾರಿ ಗೂಡಿನ ನಡುವೆಯೇ ಬಿತ್ತು. ಕೂದಲೆಳೆಯಂಥವು ಮೆತ್ತಗೆ ಬಗ್ಗಿದ್ದು ಗೊತ್ತಾಯಿತು. ಅದು ಹೊಸ ಬೋರ್ಡಾಗಿದ್ದರೆ ಎಂದುಕೊಂಡೆ. ಅಂದಿನಿಂದ ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ಅಂಚು ಹಿಡಿದು, ಕಿರುಬೆರಳನ್ನು ಗೂಡಿನ ಹೊರಚೌಕಟ್ಟಿಗೆ ಊರಿಕೊಂಡು ಇಳಿಸುವ ಒಂದು ಕ್ರಮ ಮಾಡಿಕೊಂಡೆ. ಆಮೇಲೆ ಒಮ್ಮೆಯೂ ಜಾರಲಿಲ್ಲ.

ಭಾನುವಾರ ಬೆಳಗ್ಗೆ, ತಿಂಡಿ ಆದ ಮೇಲೆ, ಹೊಸದಕ್ಕೆ ಕೈ ಹಾಕಿದೆ. ಗಂಡ ಆ ದಿನ ಮನೆಯಲ್ಲಿದ್ದರು; 'ನಾನೇ' ಅಂದದ್ದು ಬಾಯಿಮಾತಲ್ಲ ಎಂದು ಮೇಜಿನ ಮೇಲಿನ ಸತ್ತ ಬೋರ್ಡು ನೋಡಿದಾಗಲೇ ಅವರಿಗೆ ಗೊತ್ತಾಗಿತ್ತು. ಸ್ಕ್ರೂಡ್ರೈವರ್ ಕೈಗೆ ಕೊಡುತ್ತ, "ನಾನು ಹಿಡ್ಕೊಳ್ಲಾ?" ಎಂದು ಕೇಳಿದರು.

"ಬೇಡ. ಪೇಪರ್ ಓದ್ಕೊಂಡು ಕೂತಿರಿ."

"ಇದ್ನ ಬಿಟ್ಟು ಪೇಪರ್ ಓದೋಕೆ ಆಗುತ್ತೇನೇ" ಎಂದು ಕುರ್ಚಿ ಎಳೆದುಕೊಂಡರು. ಎರಡು ಕಡೆಯಿಂದಲೂ ತಾಯಿ ಮಗ ಉಸಿರು ಬಿಗಿಹಿಡಿದು ಕೂತಿರುವುದು ನನಗೆ ತಿಳಿಯುತ್ತಿತ್ತು.

ಕಚ್ಚುಗಳನ್ನು ಹುಡುಕಿಕೊಂಡು ಪ್ರೊಸೆಸರ್ ಇಳಿಸಿದೆ. ತಾನಾಗಿ ಕೂತಿತು, ಒತ್ತಬೇಕಾಗಲಿಲ್ಲ. ಲಿವರ್ ಇಳಿಸುವಾಗ ಕರಕರ ಎಂದಿತು. ಗಂಡ ಕುರ್ಚಿಯಿಂದ ಎದ್ದರು. "ಅದು ಅನ್ನಲೇಬೇಕು" ಎಂದು ನಾನೂ ಅತ್ತೆಯೂ ಒಟ್ಟಿಗೆ ಹೇಳಿದೆವು. ಪ್ರೊಸೆಸರ್ ತಣ್ಣಗಿಡುವ ಕೂಲರನ್ನು ನಾಲ್ಕು ಮೂಲೆಗೂ ಸರಿಯಾಗಿ ಕೂರಿಸಿದೆ. ವಿದ್ಯುತ್ ತಂತಿಗಳಲ್ಲಿ ಎರಡು, ಮುಟ್ಟಿದರೆ ಒಂದೇ ಥರ ಅನ್ನಿಸುತ್ತವೆ. ಅಂಗಡಿಯಲ್ಲೇ ಕೇಳಿ ತಿಳಿದುಕೊಂಡು ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದರಿಂದ ತೊಂದರೆಯಾಗಲಿಲ್ಲ. ಮೆಮೊರಿ, ಡಿಸ್ಕು, ಫ್ಯಾನು, ಗುಂಡಿಯ ತಂತಿ, ಕೊನೆಗೆ ಆ ಬಟಾಣಿ ಸ್ಪೀಕರು. ಅತ್ತೆ ಎದ್ದುಹೋಗಿ ಸಾರಿಟ್ಟಿದ್ದ ಒಲೆ ಆರಿಸಿ ಬಂದರು.

ಗುಂಡಿ ಒತ್ತಿದೆ. ಫ್ಯಾನು ತಿರುಗಿದ್ದು ಅಂಗೈಗೆ ಗಾಳಿ ತಗುಲಿ ಗೊತ್ತಾಯಿತು, ಕಿವಿಗೆ ಅಲ್ಲ. ಆಮೇಲೆ ಕೂಗು ಶುರುವಾಯಿತು. ಬೀಈಈಪ್. ನಿಂತು, ಮತ್ತೆ ಬೀಈಈಪ್. ನಿಲ್ಲುವ ಲಕ್ಷಣವೇ ಇಲ್ಲ.

"ಏನಾಯ್ತು? ಆರ್ಸು, ಆರ್ಸು" ಎಂದರು ಗಂಡ.

ನನಗೆ ಗಾಬರಿಯಾಗಬೇಕಿತ್ತು, ಆಗಲಿಲ್ಲ. ಉದ್ದುದ್ದ ಕೂಗಿದರೆ ಮೆಮೊರಿ ಸರಿಯಾಗಿ ಕೂತಿಲ್ಲ ಎಂದು ಅರ್ಥ, ಇದನ್ನು ಬೋರ್ಡಿನ ಕೈಪಿಡಿಯಲ್ಲಿ ಮೊದಲೇ ಕೇಳಿಸಿಕೊಂಡಿದ್ದೆ. ಪ್ಲಗ್ ತೆಗೆದು ಮೆಮೊರಿ ಪಟ್ಟಿಗಳ ಮೇಲೆ ಬೆರಳು ಹರಿಸಿದೆ. ಒಂದು ಪಟ್ಟಿಯ ಎಡತುದಿ ಇನ್ನೊಂದಕ್ಕಿಂತ ಅಕ್ಕಿಕಾಳಿನಷ್ಟು ಮೇಲಿತ್ತು. ಹೆಬ್ಬೆರಳು ಊರಿ ಒತ್ತಿದೆ. ಟಕ್ ಎಂದಿತು.

ಮತ್ತೆ ಗುಂಡಿ. ಈ ಸಲ ಒಂದೇ ಒಂದು ಚಿಕ್ಕ ಬೀಪ್. ಆಮೇಲೆ ಏನೂ ಇಲ್ಲ. ಎಲ್ಲ ಸರಿಯಿದೆ ಎಂಬುದಕ್ಕೆ ಅಷ್ಟೇ ಸದ್ದು. ನಾನು ಕ್ಯಾಬಿನೆಟ್ಟಿನ ಎರಡೂ ಬದಿಗೆ ಕೈ ಇಟ್ಟುಕೊಂಡು ಕೂತೆ. ಗಂಡ ನನ್ನ ತಲೆ ಸವರಿದರು.

ಇನ್ನೊಂದು ಹಂತ ಬಾಕಿಯಿತ್ತು. ಆಪರೇಟಿಂಗ್ ಸಿಸ್ಟಂ ಹಾಕುವುದಕ್ಕೆ ಮುಂಚೆ ಯಂತ್ರಕ್ಕೆ ಮಾತು ಬರುವುದಿಲ್ಲ. ಪೆನ್‌ಡ್ರೈವಿನಿಂದ ಶುರುಮಾಡು ಎಂದು ಅದಕ್ಕೆ ಹೇಳಬೇಕು, ಹೇಳುವ ಪಟ್ಟಿ ಪರದೆಯ ಮೇಲೆ ಮಾತ್ರ ಬರುತ್ತದೆ. ಗಂಡನ ಮಾನಿಟರನ್ನು ಸಿಕ್ಕಿಸಿ, ಫೋನಿನ ಕ್ಯಾಮೆರಾ ಹಿಡಿದೆ. ಅಕ್ಷರ ಓದುವ ಆ್ಯಪ್ ಪರದೆ ಮೇಲಿದ್ದ ಎಲ್ಲವನ್ನೂ ಒಂದೇ ಉಸಿರಿಗೆ ಓದಿತೇ ಹೊರತು ಈಗ ಯಾವ ಸಾಲಿನ ಮೇಲೆ ಬಣ್ಣ ಕೂತಿದೆ ಎಂದು ಹೇಳಲಿಲ್ಲ. ಅಷ್ಟರಲ್ಲಿ ಗಂಡನಿಗೆ ಆಫೀಸಿನಿಂದ ಫೋನು ಬಂದು ಅವರು ಬಾಲ್ಕನಿಗೆ ಹೋಗಿದ್ದರು.

"ಅತ್ತೆ, ನೀವು ಓದ್ತೀರಾ?"

"ನಾನೇ? ಇಂಗ್ಲಿಷ್ ಅಲ್ವೇನೆ ಅದು."

"ಅಕ್ಷರ ಹೇಳಿದ್ರೆ ಸಾಕು. ಯಾವ ಸಾಲು ಬೇರೆ ಬಣ್ಣದಲ್ಲಿದೆ?"

ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ಮೊದಲ್ನೇದು ನೀಲಿಯಾಗೈತೆ. ಅದ್ರ ಕೆಳ್ಗೆ... ಯು. ಎಸ್ಸು. ಬಿ. ಆಮೇಲ್ ಏನೇನೋ ಐತೆ."

"ಅದೇ ಬೇಕು." ಕೆಳಗಿನ ಬಾಣದ ಕೀ ಒತ್ತಿದೆ.

"ಹಾ, ಈಗ ಅದು ನೀಲಿಯಾಯ್ತು ನೋಡು."

ಎಂಟರ್ ಒತ್ತಿದೆ. ಅತ್ತೆ "ಕಪ್ಪಾಯ್ತು, ಏನೋ ಸುತ್ತತೈತೆ, ಈಗ ಬಿಳೀದು ಬಂತು" ಎಂದು ಕ್ರಿಕೆಟ್ ಕಾಮೆಂಟರಿಯಂತೆ ಹೇಳುತ್ತಾ ಹೋದರು. ಬಿಳಿಯದು ಬಂದಾಗ ನಾನು ಸ್ಕ್ರೀನ್ ರೀಡರ್ ಎಬ್ಬಿಸುವ ಕೀಗಳನ್ನು ಒಟ್ಟಿಗೆ ಒತ್ತಿ ಕಾದೆ. ಮಾತು ಕೇಳಲು ಸಿಕ್ಕಿಸಿದ್ದ ಬೇರೆ ಸ್ಪೀಕರಿನಿಂದ ಒಂದು ಗಂಡುದನಿ ಇಂಗ್ಲಿಷಿನಲ್ಲಿ, ಯಾವ ಭಾಷೆ ಬೇಕು ಎಂದು ಕೇಳಿತು.

"ಮಾತಾಡ್ತು ಕಣೆ" ಎಂದರು ಅತ್ತೆ, ಮೆಲ್ಲಗೆ, ಮಲಗಿರುವ ಮಗುವನ್ನು ಎಬ್ಬಿಸಬಾರದು ಅನ್ನುವ ಹಾಗೆ. ಅಲ್ಲಿಂದ ಮುಂದೆ ನನಗೆ ಯಾರೂ ಬೇಕಿರಲಿಲ್ಲ. ಮಿಕ್ಕಿದ್ದನ್ನೆಲ್ಲ ನಾನೇ ಕೇಳಿಕೊಂಡು ಮುಗಿಸಿದೆ. ಅತ್ತೆ ಮಾತ್ರ ಎದ್ದು ಹೋಗಲಿಲ್ಲ.

ಮಾರನೆಯ ದಿನ ಹೈಸ್ಕೂಲಿನ ಸಮಾಜ ವಿಜ್ಞಾನದ ದಪ್ಪ ಪುಸ್ತಕವನ್ನು ಅಕ್ಷರ ಗುರುತಿಸಲು ಹಾಕಿ, ಅದು ನಡೆಯುತ್ತಿರುವಾಗಲೇ ಇನ್ನೊಂದು ಪುಸ್ತಕ ತಿದ್ದಲು ಕೂತೆ. ಕೀ ಒತ್ತಿದರೆ ಅಕ್ಷರ ಬೆರಳಿನ ಕೆಳಗೇ ಇದ್ದಂತೆ ಕೇಳುತ್ತಿತ್ತು. 'ತ' ತ ಆಗಿ, 'ಥ' ಥ ಆಗಿ. ಕೋಣೆಯಲ್ಲಿ ಬೇರೆ ಸದ್ದಿಲ್ಲ. ಮೊದಲು ಒಂದು ವಾರ ಹಿಡಿಯುತ್ತಿದ್ದ ಪಾಠಗಳು ಎರಡು ಮೂರು ದಿನಕ್ಕೆ ಮುಗಿಯತೊಡಗಿದವು. ಸಂಸ್ಥೆಯಲ್ಲಿ ಕೆಲಸ ಹಂಚುವವರು ಫೋನ್ ಮಾಡಿ, "ಮೇಡಂ, ನೀವೊಬ್ಬರೇ ಮಾಡ್ತಿದೀರಾ, ಜೊತೆಗೆ ಯಾರಾದ್ರೂ ಸೇರಿದಾರಾ?" ಎಂದು ಕೇಳಿದರು. ಒಬ್ಬಳೇ ಎಂದೆ. ಹಾಗೆ ಹೇಳುವಾಗ ಬೆನ್ನು ನೆಟ್ಟಗಾದದ್ದು ನನಗೇ ಗೊತ್ತಾಯಿತು.

ಅಂಗಡಿಯವರಿಗೂ ಫೋನ್ ಮಾಡಿ ತಿಳಿಸಿದೆ. "ಮೊದಲನೇ ಸಲಕ್ಕೇ ಆನ್ ಆಯ್ತಾ?" ಎಂದರು. ಎರಡನೆಯ ಸಲಕ್ಕೆ ಎಂದೆ. "ನಂದೂ ಎಷ್ಟೋ ಸಲ ಎರಡನೇದಕ್ಕೇ ಆಗೋದು, ಗಿರಾಕಿಗೆ ಹೇಳಲ್ಲ ಅಷ್ಟೇ" ಎಂದು ನಕ್ಕರು.

ಕೆಲವು ತಿಂಗಳಾದ ಮೇಲೆ ಬಿಳೇಕಹಳ್ಳಿಯಲ್ಲಿ ಅತ್ತೆಯ ತಮ್ಮನ ಮನೆಯ ಗೃಹಪ್ರವೇಶ. ಹಳೆಯ ಹೊಲದ ತುಂಡಿನಲ್ಲೇ ಕಟ್ಟಿದ ಹೊಸ ಮನೆ, ಮೇಲಿನ ಮಹಡಿಗಳೆಲ್ಲ ಬಾಡಿಗೆಗೆ. ಊಟವಾಗಿ ಹೆಂಗಸರೆಲ್ಲ ಜಮಖಾನದ ಮೇಲೆ ಕೂತಿದ್ದಾಗ ಅತ್ತೆಯ ಕಡೆಯ ಒಬ್ಬ ಚಿಕ್ಕಮ್ಮ ನನ್ನ ಪಕ್ಕ ಬಂದರು. ನನ್ನ ಮೊಣಕಾಲು ತಟ್ಟಿ, ಅತ್ತೆಯ ಕಡೆ ತಿರುಗಿ, "ಪಾಪ, ಮನೇಲಿ ಇವ್ಳಿಗೆ ಹೊತ್ತು ಹೆಂಗೆ ಹೋಗ್ತದೆ?" ಎಂದರು.

"ಹೊತ್ತೆಲ್ಲೈತೆ ಅವ್ಳಿಗೆ?" ಎಂದರು ಅತ್ತೆ. "ಸ್ಕೂಲ್ ಪುಸ್ತಕ ಎಲ್ಲ ಇವ್ಳೇ ತಿದ್ದಿ ಕೊಡಾದು. ಅದ್ಕೆ ಕಂಪ್ಯೂಟ್ರು ಬೇಕಿತ್ತಲ್ಲ, ತಾನೇ ಮಾಡ್ಕೊಂಡ್ಳು. ಅಂಗ್ಡೀಲಿ ನೂರು ಫ್ಯಾನು ತಿರುಗ್ಸಿ ಕೇಳಿ ಒಂದು ಆರಿಸ್ಕೊಂಡ್ಳು. ಅಂಗ್ಡಿಯವನು ಕಕ್ಕಾಬಿಕ್ಕಿ."

ನೂರು ಇರಲಿಲ್ಲ. ನಾನು ತಿದ್ದಲಿಲ್ಲ.

"ತಾನೇ ಅಂದ್ರೆ?" ಎಂದು ಇನ್ನೊಬ್ಬರು ಕೇಳಿದರು.

"ತಾನೇ ಅಂದ್ರೆ ತಾನೇ ಕಣಮ್ಮ. ತಂತಿ, ಬೋರ್ಡು, ಎಲ್ಲ. ನಾನೂ ಅದ್ರಾಗೆ ಇಂಗ್ಲಿಷ್ ಓದಿದೀನಿ."

ಜಮಖಾನದ ಮೇಲೆ ಒಮ್ಮೆಗೇ ಮಾತಿನ ಗುಜುಗುಜು ಎದ್ದಿತು. ಚಿಕ್ಕಮ್ಮ ನನ್ನ ಮೊಣಕಾಲಿನ ಮೇಲಿದ್ದ ಕೈ ತೆಗೆದು ನನ್ನ ಕೈ ಹಿಡಿದುಕೊಂಡರು. ಈ ಸಲ ಮಾತಾಡಿದ್ದು ನನ್ನ ಜೊತೆಗೇ.

"ಅವ್ವಾ, ನಮ್ ಮನೇದೊಂದೈತೆ. ಆನ್ ಮಾಡುದ್ರೆ ಮಿಕ್ಸಿ ಹಂಗೆ ಕೂಗ್ತದೆ. ಪಕ್ಕದ್ ಮನೆ, ಎರಡು ಹೆಜ್ಜೆ. ಬಂದು ನೋಡ್ತೀಯಾ?"

ಹೋದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಬಂದರು, ಅವರ ಹಿಂದೆ ಇನ್ನೂ ಇಬ್ಬರು ಹೆಂಗಸರು. ಚಿಕ್ಕಮ್ಮ ಯಂತ್ರ ಆನ್ ಮಾಡಿದರು. ಕ್ಯಾಬಿನೆಟ್ಟಿಗೆ ಕಿವಿಯಿಟ್ಟು ಕೇಳಿದೆ. ಗಾಳಿಯ ಸದ್ದಲ್ಲ, ಒಳಗೆ ಏನೋ ಉಜ್ಜುತ್ತಿತ್ತು. ಆರಿಸಿ, ಪಕ್ಕದ ಬಾಗಿಲು ತೆಗೆಸಿ, ಫ್ಯಾನಿನ ನಡುವನ್ನು ಎರಡು ಬೆರಳಲ್ಲಿ ಅಲುಗಾಡಿಸಿದೆ. ಸಡಿಲವಾಗಿತ್ತು.

"ಫ್ಯಾನಿನ ಬೇರಿಂಗ್ ಹೋಗಿದೆ ಚಿಕ್ಕಮ್ಮ. ಮಿಕ್ಕಿದ್ದೆಲ್ಲ ಚೆನ್ನಾಗಿರೋ ಹಾಗಿದೆ. ಹೊಸ ಫ್ಯಾನು ತಂದಿಡಿ, ಮುಂದಿನ ಭಾನುವಾರ ಬಂದು ಹಾಕಿಕೊಡ್ತೀನಿ."

"ಯಾವ್ದು ತರಾದು ಅಂತ ನಮ್ಗೇನ್ ಗೊತ್ತು?" ಎಂದರು ಚಿಕ್ಕಮ್ಮ.

"ಹಂಗಾರೆ ನೀವ್ ತರಬ್ಯಾಡಿ" ಎಂದರು ಅತ್ತೆ. "ನಾವೇ ಹೋಗಿ ಕೇಳಿ ತರ್ತೀವಿ."